ಮುಯ್ಯಿ, ಸರದಿ, ಬಿಟ್ಟಿ: ಅಂಗಡಿಯಿಂದ ಮಾಚು ಪಿಚುವರೆಗೆ ಒಂದು ಪ್ರವಾಸದ ಪಟ್ಟಿ

ಪ್ರವಾಸ ಹೊರಡುವವರು ಮೊದಲು ಮಾಡುವ ಕೆಲಸ ಪಟ್ಟಿ ಬರೆಯೋದು. ದಕ್ಷಿಣ ಅಮೆರಿಕಾದ ಪೆರು ದೇಶದಲ್ಲಿ, ಅಂಡೀಸ್ ಬೆಟ್ಟಗಳ ಮೇಲೆ, ಇಂಕಾ ಜನರ ಹಳೇ ಊರುಗಳನ್ನು ನೋಡಿಬರುವವರ ಪಟ್ಟಿ ಹೀಗಿರುತ್ತದೆ. ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟು. ಮೊದಲು ಸಮುದ್ರದ ದಂಡೆಯ ಲಿಮಾ. ಅಲ್ಲಿಂದ 3400 ಮೀಟರ್ ಎತ್ತರದ ಕುಸ್ಕೋ. ಅಷ್ಟು ಮೇಲೆ ಉಸಿರು ಕಟ್ಟುತ್ತದೆ, ಆದ್ದರಿಂದ ಎರಡು ದಿನ ಸುಮ್ಮನೆ ಕೂತು ಕೋಕಾ ಎಲೆಯ ಕಷಾಯ ಕುಡಿಯಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಹೋಗುವುದಾದರೆ ಆಗ ಹೋಗಬೇಕು. ಕುಸ್ಕೋದಿಂದ ಒಯಾಂತಾಯ್‌ತಾಂಬೋ, ಅಲ್ಲಿಂದ ರೈಲು, ರೈಲಿಳಿದು ಬಸ್ಸು, ಬಸ್ಸಿಳಿದರೆ 2430 ಮೀಟರ್ ಎತ್ತರದಲ್ಲಿ ಮಾಚು ಪಿಚು. ಕಾಲಲ್ಲಿ ಕಸುವಿದ್ದವರು ಹಳೇ ಇಂಕಾ ದಾರಿಯಲ್ಲಿ ನಾಲ್ಕು ದಿನ ನಡೆದೂ ಹೋಗಬಹುದು. ಆ ದಾರಿಗೆ ದಿನಕ್ಕೆ 500 ಜನರಿಗಷ್ಟೇ ಪರವಾನಗಿ. ಆ 500ರಲ್ಲಿ ಯಾತ್ರಿಕರ ಹೊರೆ ಹೊರುವವರೂ ಸೇರಿದ್ದಾರೆ. ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ.

ಇಂಥ ಪಟ್ಟಿ ನಮ್ಮ ಕಾಫಿ ಸೀಮೆಯ ಬಂಗಲೆಗಳಲ್ಲೂ ಬರೆಯುತ್ತಾರೆ. ಕಾಫಿಗೆ ರೇಟು ಬಂದ ವರ್ಷ ದೂರದ ದೇಶ ನೋಡಿಬರುವವರು ಚಿಕ್ಕಮಗಳೂರು, ಮೂಡಿಗೆರೆ, ಕಳಸದಲ್ಲಿ ಇದ್ದಾರೆ. ಅವರು ಆ ಕಡೆ ಹೋದರೆ ಬೆಂಗಳೂರಿನವರು ಈ ಕಡೆ ಬರುತ್ತಾರೆ. ಶುಕ್ರವಾರ ರಾತ್ರಿಯಿಂದ ಕಾರುಗಳ ಸಾಲು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಹೋಮ್‌ಸ್ಟೇ, ಬೆಂಕಿ ಹಾಕಿಕೊಂಡು ಹಾಡು. ಎರಡು ಪಟ್ಟಿಯಲ್ಲೂ ಇಲ್ಲದವರು ಎಸ್ಟೇಟಿನ ಲೈನಿನವರು. ವಸ್ತಾರೆ ಹೋಬಳಿಯ ಒಂದು ತೋಟದ ಲೈನಿನಲ್ಲಿ ಹುಟ್ಟಿ, ನಮ್ಮ ಮನೆಗೆ ಮೊದಲನೇ ಡಿಗ್ರಿ ತಂದವನು ನಾನು. ನಮ್ಮವ್ವನ ಬಾಯಲ್ಲಿ ರಜೆ ಅಂದರೆ ಚೆಕ್‌ರೋಲಿನಲ್ಲಿ ಹೆಸರು ಬೀಳದ ದಿನ. ಅವತ್ತು ಕೂಲಿ ಇಲ್ಲ, ಅಷ್ಟೆ. ಅದೇ ಪದಕ್ಕೆ ಕಾಲೇಜಿನಲ್ಲಿ ಬೇರೆ ಅರ್ಥ ಇತ್ತು.

ಹಾಗಂತ ಪ್ರವಾಸ ಬೇಡ ಅಂತ ನಾನು ಹೇಳುತ್ತಿಲ್ಲ. ನಾವೂ ಹೋಗಬೇಕು, ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಪೆರುವಿನ ಪಟ್ಟಿಯ ಪಕ್ಕದಲ್ಲೇ ನಮ್ಮ ಬೆಟ್ಟಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಓದಬೇಕು. ಅಂಗಡಿ, ಬೇಲೂರು, ಬೆಳವಾಡಿ, ಕಡೆಗೆ ಒಂದು ಕಾಫಿ ತೋಟದ ಲೈನು. ಎರಡು ಕಡೆಯೂ ಕಲ್ಲು ಒಂದೇ ಕತೆ ಹೇಳುತ್ತದೆ: ಬೆಟ್ಟದ ಜನ ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಿದ್ದ ಕೆಲಸ ಹೇಗೆ ದೊರೆಯ ಸರದಿಯಾಯಿತು, ಆ ಸರದಿ ಹೇಗೆ ಬಿಟ್ಟಿಯಾಯಿತು ಅನ್ನೋ ಕತೆ.

ಮೊದಲು ವೀಸಾ ವಿಷಯ ಮುಗಿಸೋಣ. 1934ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮತ್ತು ಅವರ ಜೊತೆಗಾರರು, ಸುಮಾರು ಮೂವತ್ತು ಜನ, ವೇರೂಳದ ಬೌದ್ಧ ಗವಿಗಳನ್ನು ನೋಡಿಬರೋಣ ಅಂತ ಪ್ರವಾಸ ಹೊರಟರು. ದಾರಿಯಲ್ಲಿ ದೌಲತಾಬಾದಿನ ಕೋಟೆ. ಧೂಳು ಹತ್ತಿದ ಕೈಕಾಲು ಮುಖವನ್ನು ಕೋಟೆ ಬಾಗಿಲ ಬಳಿಯ ಕೊಳದಲ್ಲಿ ತೊಳೆದುಕೊಂಡರು. ಅಷ್ಟಕ್ಕೆ ಕೊಳ ಮೈಲಿಗೆಯಾಯಿತು ಅಂತ ಗಲಾಟೆ ಎದ್ದಿತು. ಕಡೆಗೆ ಕೋಟೆಯೊಳಗೆ ಬಿಟ್ಟರು, ಆದರೆ ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳೋಕೆ ಒಬ್ಬ ಬಂದೂಕಿನ ಸಿಪಾಯಿಯನ್ನು ಜೊತೆಗೆ ಕಳಿಸಿದರು. ಈ ಪ್ರಸಂಗ ಇರುವ ಅವರ ಪುಟ್ಟ ಬರಹದ ಹೆಸರೇ 'ವೀಸಾಕ್ಕಾಗಿ ಕಾಯುತ್ತ'. ಹಳೇ ಕಲ್ಲನ್ನು ನೋಡುವ ಆಸೆ ನಮ್ಮವರಿಗೆ ಇರಲಿಲ್ಲ ಅಂತ ಯಾರೂ ಹೇಳಬಾರದು. ಆಸೆ ಇತ್ತು, ಪಟ್ಟಿಯೂ ಇತ್ತು. ತಡೆದದ್ದು ಕೊಳದ ದಂಡೆಯಲ್ಲಿ.

*

ಈಗ ಮೂರು ಪದ. ಇವಿಲ್ಲದೆ ಯಾವ ಕಲ್ಲೂ ಬಾಯಿ ಬಿಡುವುದಿಲ್ಲ.

ಮಲೆನಾಡಿನ ಹಳ್ಳಿಯಲ್ಲಿ ಮುಯ್ಯಾಳು ಅಂದರೆ ಎಲ್ಲರಿಗೂ ಗೊತ್ತು. ಇವತ್ತು ನಿನ್ನ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ದುಡ್ಡಿನ ಮಾತಿಲ್ಲ, ಊಟ ಇದೆ. ಅಂಡೀಸಿನ ಕೆಚುವಾ ಭಾಷೆಯಲ್ಲಿ ಇದಕ್ಕೆ 'ಐನಿ' ಅಂತಾರೆ. ಇವತ್ತಿಗೂ ಅಪುರಿಮಾಕ್ ನದಿಯ ಮೇಲೆ ಕೆಸ್ವಚಾಕಾ ಅನ್ನೋ ಹುಲ್ಲಿನ ಸೇತುವೆ ಇದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಎರಡೂ ದಂಡೆಯ ಜನ ಸೇರಿ, ಹಳೇದನ್ನು ಬಿಚ್ಚಿ, ಹುಲ್ಲು ಹೊಸೆದು ಹಗ್ಗ ಮಾಡಿ, ಹೊಸದನ್ನು ಕಟ್ಟುತ್ತಾರೆ. ಮೂರು ದಿನದ ಕೆಲಸ, ನಾಲ್ಕನೇ ದಿನ ಹಬ್ಬ. 2013ರಲ್ಲಿ ಯುನೆಸ್ಕೋ ಇದನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೇದು ಸರದಿ. ಇಂಕಾ ದೊರೆಗಳು ತಮ್ಮ ನಾಡನ್ನು ತಾವಂತಿನ್‌ಸುಯು, ಅಂದರೆ ಒಂದುಗೂಡಿದ ನಾಲ್ಕು ಭಾಗ, ಅಂತ ಕರೆದುಕೊಂಡರು. ಅವರಲ್ಲಿ ನಾಣ್ಯ ಇರಲಿಲ್ಲ, ಆದ್ದರಿಂದ ತೆರಿಗೆಯನ್ನು ಮೈದುಡಿಮೆಯಲ್ಲೇ ಎತ್ತಿದರು. ಅದರ ಹೆಸರು 'ಮಿತಾ', ಕೆಚುವಾದಲ್ಲಿ ಸರದಿ ಅಂತ ಅರ್ಥ. ಪ್ರತಿ ಊರು ಸರದಿ ಪ್ರಕಾರ ಆಳು ಕಳಿಸಬೇಕು. ರಸ್ತೆಗೆ, ಸೈನ್ಯಕ್ಕೆ, ದೊರೆಯ ಹೊಲಕ್ಕೆ, ಕಲ್ಲಿಗೆ. ಲೆಕ್ಕ ಬರೆಯಲು ಲಿಪಿ ಇರಲಿಲ್ಲ; ದಾರಕ್ಕೆ ಗಂಟು ಹಾಕಿ ಕಿಪು ಅನ್ನೋ ಲೆಕ್ಕ ಇಡುತ್ತಿದ್ದರು. ಸರದಿಯ ದಿನಗಳಲ್ಲಿ ದೊರೆಯ ಕಣಜದಿಂದ ಊಟ, ಬಟ್ಟೆ, ಜೋಳದ ಹೆಂಡ ಸಿಗುತ್ತಿತ್ತು. ಕೂಲಿ ಇರಲಿಲ್ಲ.

ಮೂರನೇದು ಬಿಟ್ಟಿ. ಇವತ್ತು ನಾವು ಪುಕ್ಕಟೆ ಅನ್ನೋ ಅರ್ಥದಲ್ಲಿ ಬಳಸುವ ಈ ಪದದ ಮೂಲ ಸಂಸ್ಕೃತದ 'ವಿಷ್ಟಿ'. ದೊರೆಗೆ, ದೇವಸ್ಥಾನಕ್ಕೆ, ಊರ ಒಡೆಯನಿಗೆ ಕೂಲಿ ಇಲ್ಲದೆ ಮಾಡಲೇಬೇಕಾದ ಕೆಲಸಕ್ಕೆ ಆ ಹೆಸರು. ನಮ್ಮ ನಾಡಿನ ಶಾಸನಗಳಲ್ಲಿ ಒಂದು ಊರನ್ನು ದತ್ತಿ ಕೊಡುವಾಗ ಯಾವ್ಯಾವ ತೆರಿಗೆ ಮಾಫಿ ಅಂತ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಬಿಟ್ಟಿಯೂ ಬರುತ್ತದೆ. ದತ್ತಿ ಪಡೆದವರ ಊರಿಗೆ ಮಾಫಿ ಆಯಿತು ಅಂದರೆ ಮಿಕ್ಕ ಊರುಗಳಲ್ಲಿ ನಡೆಯುತ್ತಿತ್ತು ಅಂತಲೇ ಅರ್ಥ. ಶಾಸನ ಕೊಟ್ಟವನನ್ನೂ ಪಡೆದವನನ್ನೂ ಹೆಸರು ಹಿಡಿದು ಹೊಗಳುತ್ತದೆ. ಬಿಟ್ಟಿ ಮಾಡಿದವನು ಅಲ್ಲಿ ತೆರಿಗೆಯ ಒಂದು ಬಾಬತ್ತು ಮಾತ್ರ.

*

ಈ ಮೂರು ಪದ ಜೇಬಲ್ಲಿಟ್ಟುಕೊಂಡು ಮೊದಲು ಅಂಗಡಿಗೆ ಹೋಗೋಣ. ಅಂಗಡಿ ಅಂದರೆ ಸಾಮಾನು ಮಾರುವ ಅಂಗಡಿ ಅಲ್ಲ, ಮೂಡಿಗೆರೆ ತಾಲ್ಲೂಕಿನ ಒಂದು ಊರು. ಶಾಸನದ ಸೊಸೆವೂರು, ಸಂಸ್ಕೃತದವರು ಮಾಡಿದ ಶಶಕಪುರ ಇದೇ. ಹೊಯ್ಸಳರ ಮೂಲ ಸ್ಥಳ. ವಾಸಂತಿಕಾ ದೇವಿಯ ಗುಡಿ ಇದೆ, ಹಳೇ ಬಸದಿಗಳಿವೆ, ಸುತ್ತ ಕಾಡು, ಕಾಫಿ, ಇಂಬಳ. ಹುಲಿ ಬಂತು, ಮುನಿ 'ಹೊಯ್ ಸಳ' ಅಂದ, ಸಳ ಹೊಡೆದ. ಈ ಕತೆಯನ್ನು ನಾವೆಲ್ಲ ನಾಲ್ಕನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಕೇಳದ ಇನ್ನೊಂದು ಮಾತಿದೆ. ಹೊಯ್ಸಳ ದೊರೆಗಳ ಬಿರುದು 'ಮಲೆಪರೊಳ್ ಗಂಡ'. ಚಿನ್ನದ ನಾಣ್ಯದ ಮೇಲೂ ಅದನ್ನು ಹೊಡೆಸಿದರು. ಮಲೆಪರು ಅಂದರೆ ಈ ಮಲೆಗಳ ಒಡೆಯರು, ಬೆಟ್ಟದ ನಾಯಕರು. ಅವರ ನಡುವೆ ನಾನೇ ಗಂಡು ಅಂತ ಬಿರುದು. ಹುಲಿಗಿಂತ ಮೊದಲು ಹೊಡೆದು ಬಗ್ಗಿಸಿದ್ದು ಮಲೆಯವರನ್ನು ಅಂತ ನಾಣ್ಯವೇ ಒಪ್ಪಿಕೊಳ್ಳುತ್ತದೆ. ಕುಸ್ಕೋದ ಇಂಕಾಗಳೂ ಹೀಗೇ ಒಂದು ಕಣಿವೆಯ ಸಣ್ಣ ಜನ. 15ನೇ ಶತಮಾನದಲ್ಲಿ ಪಚಾಕುತಿ ಅನ್ನೋ ದೊರೆಯ ಕಾಲದಿಂದ ಅಕ್ಕಪಕ್ಕದ ಬೆಟ್ಟದವರನ್ನು ಬಗ್ಗಿಸಿಕೊಂಡು ಸಾಮ್ರಾಜ್ಯ ಕಟ್ಟಿದರು. ಅವರಿಗೂ ನಮ್ಮವರಿಗೂ ನಡುವೆ ಒಂದು ಮಹಾಸಾಗರ, ಕೆಲವು ಶತಮಾನ. ನಡೆದ ಬಗೆ ಮಾತ್ರ ಹತ್ತಿರ ಹತ್ತಿರ.

ಅಂಗಡಿಯಿಂದ ದೊರೆಗಳು ಬಯಲಿಗಿಳಿದು ಬೇಲೂರು, ದ್ವಾರಸಮುದ್ರ ಸೇರಿದರು. 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿ ಸೇರಿದವು. ಮಾಚು ಪಿಚು ಆ ಪಟ್ಟಿ ಸೇರಿದ್ದು 1983ರಲ್ಲಿ. ಬೇಲೂರಿನ ಒಂದು ಹೆಚ್ಚುಗಾರಿಕೆಯನ್ನು ಒಪ್ಪಲೇಬೇಕು: ಅಲ್ಲಿ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಬೊಂಬೆಯ ಕೆಳಗೆ ಹೆಸರು ಕೆತ್ತಿಕೊಂಡರು. ಅಮೃತಾಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕೈಕೆಲಸದವನಿಗೆ ಅಷ್ಟು ಧೈರ್ಯ ಬಂದದ್ದು ದೊಡ್ಡ ವಿಷಯ. ಆದರೆ ಹೆಸರು ಉಳಿಗೇ ನಿಂತಿತು. ಬಳಪದ ಕಲ್ಲಿನ ಬಂಡೆಯನ್ನು ಒಡೆದು, ಎಳೆದು ತಂದು, ಎತ್ತರಕ್ಕೇರಿಸಿದ ಹೆಗಲಿಗೆ ಬರಲಿಲ್ಲ.

ಬೇಲೂರಿನಲ್ಲಿ ಪ್ರವಾಸಿ ಗೈಡುಗಳು ಹೇಳದ ಒಂದು ಪ್ರವಾಸದ ಕತೆ ಇದೆ. ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾನೆ. ಚೆನ್ನಿಗರಾಯಸ್ವಾಮಿ ಆಗಾಗ ಬಾಬಾಬುಡನ್ ಬೆಟ್ಟಕ್ಕೆ ಹೋಗಿ ಅಲ್ಲಿರುವ ದೇವಿಯನ್ನು ನೋಡಿಬರಬೇಕಂತೆ. ಅದಕ್ಕೆ ಗುಡಿಯಲ್ಲಿ ದೊಡ್ಡ ಜೋಡು ಚಪ್ಪಲಿ ಇಟ್ಟಿರುತ್ತಾರೆ. ಓಡಾಡಿ ಓಡಾಡಿ ಅವು ಸವೆದಾಗ ಚನ್ನಗಿರಿಯ ಮತ್ತು ಬಸವಾಪಟ್ಟಣದ ಮಾದಿಗರ ಕನಸಿನಲ್ಲಿ ಸ್ವಾಮಿ ಬಂದು ತಿಳಿಸುತ್ತಾನೆ. ಅವರು ಹೊಸ ಜೋಡು ಹೊಲಿದು ತಂದೊಪ್ಪಿಸಬೇಕು. ಒಪ್ಪಿಸುವ ಆ ಹೊತ್ತಿಗೆ ಮಾತ್ರ ಅವರಿಗೆ ಗುಡಿಯ ಅಂಗಳದೊಳಗೆ ಬಿಡುವು.

ನೋಡಿ, ದೇವರಿಗೂ ಬೆಟ್ಟದ ರಜೆ ಇದೆ. ನಮ್ಮ ಕಾಫಿ ಬೆಟ್ಟಕ್ಕೆ ಅವನೇ ಮೊದಲ ಪ್ರವಾಸಿ. ಅವನ ಕಾಲಿನ ಚಪ್ಪಲಿ ಹೊಲಿದವರು ನಾವು. ನಮ್ಮ ಕನಸಿನೊಳಗೆ ಬರೋಕೆ ಅವನಿಗೆ ಮೈಲಿಗೆ ಇಲ್ಲ, ಅವನ ಅಂಗಳಕ್ಕೆ ನಾವು ಹೋಗಬೇಕಾದರೆ ಕೈಯಲ್ಲಿ ಚಪ್ಪಲಿ ಇರಬೇಕು. ಈ ಕತೆಯನ್ನು ಭಕ್ತಿಯ ಹೆಗ್ಗಳಿಕೆಗೆ ಹೇಳುವವರಿದ್ದಾರೆ. ನನಗೆ ಇದು ಬಿಟ್ಟಿಯ ಚರಿತ್ರೆಯಾಗಿ ಕಾಣುತ್ತದೆ. ಕೆಲಸಕ್ಕೆ ಕರೆ ಕನಸಿನಲ್ಲೇ ಬಂದರೆ ಕೂಲಿ ಕೇಳೋದು ಯಾರ ಹತ್ತಿರ?

*

ಬೇಲೂರಿನಿಂದ ಬೆಳವಾಡಿಗೆ. ಚಿಕ್ಕಮಗಳೂರು ತಾಲ್ಲೂಕಿನ ಈ ಊರಿನ ವೀರನಾರಾಯಣ ದೇವಸ್ಥಾನ ಇಮ್ಮಡಿ ವೀರಬಲ್ಲಾಳನ ಕಾಲದ್ದು. ಮೂರು ಗರ್ಭಗುಡಿ, ಕನ್ನಡಿಯಂಥ ಕಂಬಗಳು. ಊರಿನವರು ಇದೇ ಮಹಾಭಾರತದ ಏಕಚಕ್ರನಗರ ಅಂತಾರೆ. ಬಕಾಸುರನ ಊರು. ಬಕಾಸುರನ ಕತೆಯ ಜೀವ ಇರೋದೇ ಸರದಿಯಲ್ಲಿ. ದಿನಕ್ಕೊಂದು ಮನೆ, ಒಂದು ಬಂಡಿ ಅನ್ನ, ಎಳೆಯುವ ಕೋಣ, ಜೊತೆಗೆ ಹೊಡೆದುಕೊಂಡು ಹೋದ ಮನುಷ್ಯ. ಎಲ್ಲವನ್ನೂ ಅವನು ತಿನ್ನುತ್ತಾನೆ. ಭೀಮ ಹೋಗಿ ಅವನನ್ನು ಕೊಂದ, ಸರಿ. ಆದರೆ ಕತೆ ಶುರುವಾಗೋದು ಸರದಿ ಒಬ್ಬ ಬ್ರಾಹ್ಮಣನ ಮನೆಗೆ ಬಂದಾಗ. ಅದಕ್ಕೆ ಮುಂಚೆ ಬಂಡಿ ಹೊಡೆದುಕೊಂಡು ಹೋಗಿ ವಾಪಸು ಬಾರದವರ ಮನೆಗಳ ಹೆಸರು ಎಲ್ಲಿ? ಮೇಷ್ಟ್ರುಗಳು ಬೆಳವಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಚರಿತ್ರೆಯ ಪಾಠ ಶುರುವಾಗುತ್ತದೆ.

ಅಂಡೀಸಿನಲ್ಲಿ ಆ ಬಂಡಿಗಳ ಗುರುತು ಇನ್ನೂ ದಾರಿಯಲ್ಲೇ ಬಿದ್ದಿದೆ. ಇಂಕಾಗಳಿಗೆ ಚಕ್ರದ ಬಂಡಿ ಇರಲಿಲ್ಲ, ಕಬ್ಬಿಣ ಇರಲಿಲ್ಲ, ಎಳೆಯುವ ಎತ್ತು ಕುದುರೆ ಇರಲಿಲ್ಲ. ಎಳೆದದ್ದು ಮನುಷ್ಯರೇ. ಕುಸ್ಕೋದ ತಲೆ ಮೇಲಿರುವ ಸಕ್ಸಾಯ್‌ವಾಮಾನ್ ಕೋಟೆಗೆ 20,000 ಜನ ಸರದಿಯಲ್ಲಿ ದುಡಿದರು, ಅದರಲ್ಲಿ 4,000 ಜನ ಕಲ್ಲು ಒಡೆಯೋರು, 6,000 ಜನ ತೊಗಲಿನ ಹಗ್ಗದಿಂದ ಎಳೆಯೋರು ಅಂತ 16ನೇ ಶತಮಾನದ ಸ್ಪೇನಿನ ಬರಹಗಾರ ಸಿಯೇಸಾ ದೆ ಲಿಯೊನ್ ಬರೆದ. ಒಯಾಂತಾಯ್‌ತಾಂಬೋದಲ್ಲಿ ಗಣಿಗೂ ಕೋಟೆಗೂ ನಡುವೆ, ತಲುಪದೇ ದಾರಿಯಲ್ಲೇ ಉಳಿದ ದೊಡ್ಡ ಬಂಡೆಗಳಿವೆ. ಜನ ಅವನ್ನು 'ದಣಿದ ಕಲ್ಲುಗಳು' ಅಂತಾರೆ. ಹೀಗೆ ದಣಿದ ಒಂದು ಕಲ್ಲು ರಕ್ತ ಅತ್ತಿತು, ಉರುಳಿ ಸಾವಿರಾರು ಜನರನ್ನು ಕೊಂದಿತು ಅನ್ನೋ ಐತಿಹ್ಯವನ್ನು ಗಾರ್ಸಿಲಾಸೊ ಬರೆದಿಟ್ಟಿದ್ದಾನೆ. ಅವನು ಇಂಕಾ ತಾಯಿಗೂ ಸ್ಪೇನಿನ ತಂದೆಗೂ ಹುಟ್ಟಿದವನು. ದಣಿದವರ ಹೆಸರು ಹೇಳಲು ದಾರಿ ಇಲ್ಲದಾಗ ಜನ ದಣಿವನ್ನು ಕಲ್ಲಿನ ಬಾಯಲ್ಲಿ ಹೇಳಿಸಿದರು.

ಇನ್ನು ಮಾಚು ಪಿಚು. ಅಮೆರಿಕಾದ ಹಿರಾಮ್ ಬಿಂಗಮ್ 1911ರ ಜುಲೈ 24ರಂದು ಇದನ್ನು 'ಕಂಡುಹಿಡಿದ' ಅಂತ ಪುಸ್ತಕಗಳು ಬರೆದವು. ಅವನಿಗೆ ದಾರಿ ತೋರಿಸಿದ್ದು ಮೆಲ್ಚೋರ್ ಆರ್ತೆಯಾಗಾ ಅನ್ನೋ ಅಲ್ಲಿನ ರೈತ. ಮೇಲೆ ಹತ್ತಿ ನೋಡಿದರೆ ರಿಚಾರ್ತೆ, ಆಲ್ವಾರೆಸ್ ಮನೆತನದವರು ಅದೇ ಮೆಟ್ಟಿಲು ಹೊಲಗಳಲ್ಲಿ ಬೇಸಾಯ ಮಾಡಿಕೊಂಡಿದ್ದರು. ಒಂಬತ್ತು ವರ್ಷ ಮೊದಲೇ, 1902ರಲ್ಲಿ, ಆಗುಸ್ತಿನ್ ಲಿಸಾರ್ರಾಗಾ ಅನ್ನೋನು ಅಲ್ಲಿನ ಗೋಡೆ ಮೇಲೆ ತನ್ನ ಹೆಸರು ಬರೆದುಹೋಗಿದ್ದ. ಬಿಂಗಮ್ ಅಗೆದು ತೆಗೆದ ಸಾಮಾನನ್ನು ಅಮೆರಿಕಾದ ಯೇಲ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ. ಅವು ಪೆರುವಿಗೆ ವಾಪಸು ಬಂದದ್ದು ನೂರು ವರ್ಷದ ಮೇಲೆ, 2011 ಮತ್ತು 2012ರಲ್ಲಿ.

ಅಲ್ಲಿ ಸಿಕ್ಕ ಮೂಳೆಗಳ ಕತೆ ಇನ್ನೂ ಮುಖ್ಯ. ಬಿಂಗಮ್ ಕಡೆಯವರು ಅವನ್ನು ನೋಡಿ, ಇಲ್ಲಿದ್ದವರು ಸೂರ್ಯನಿಗೆ ಮೀಸಲಾದ ಕನ್ಯೆಯರು ಅಂದರು. ಸುಂದರವಾದ ಕತೆ, ಪ್ರವಾಸಿಗರಿಗೆ ಹಿಡಿಸಿತು. ಮುಂದೆ ಸರಿಯಾಗಿ ಪರೀಕ್ಷೆ ಮಾಡಿದಾಗ ಹೆಂಗಸರು, ಗಂಡಸರು ಹೆಚ್ಚುಕಡಿಮೆ ಸಮ ಇದ್ದರು, ಮಕ್ಕಳೂ ಇದ್ದರು. 2023ರಲ್ಲಿ 34 ಜನರ ಮೂಳೆಯ ಡಿಎನ್‌ಎ ಪರೀಕ್ಷೆಯ ವರದಿ ಬಂತು. ಅವರು ಸಾಮ್ರಾಜ್ಯದ ಬೇರೆ ಬೇರೆ ಮೂಲೆಗಳಿಂದ, ಅಮೆಜಾನ್ ಕಾಡಿನಿಂದಲೂ ತಂದ ಜನ. ಊರು ಬಿಡಿಸಿ ದೊರೆಯ ಬಂಗಲೆಯ ಊಳಿಗಕ್ಕೆ ಇಟ್ಟುಕೊಂಡ ಆಳುಗಳು. ವಿದ್ವಾಂಸರು ಮಾಚು ಪಿಚುವನ್ನು ಪಚಾಕುತಿ ದೊರೆಯ ಎಸ್ಟೇಟು ಅಂತಲೇ ಕರೆಯುತ್ತಾರೆ. ಲೈನಿನಲ್ಲಿ ಹುಟ್ಟಿದವನಿಗೆ ಆ ಪದ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಕೆಳಗಿನವರು, ತಮಿಳರು, ಬಯಲುಸೀಮೆಯವರು, ಈಗ ಅಸ್ಸಾಮಿನಿಂದ ಬಂದವರು, ಎಲ್ಲರೂ ಒಂದೇ ಲೈನಿನಲ್ಲಿ. ಬೆಟ್ಟದ ತುದಿಯ ಬಂಗಲೆ ಒಬ್ಬನದು.

*

ಇಂಕಾಗಳ ಸರದಿ ಬಿಟ್ಟಿಯಾದದ್ದು ಸ್ಪೇನಿನವರ ಕೈಯಲ್ಲಿ. 1545ರಲ್ಲಿ ಪೊತೊಸಿಯ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. 1573ರಿಂದ ವೈಸರಾಯ್ ತೊಲೆದೊ ಹಳೇ 'ಮಿತಾ' ಅನ್ನೋ ಹೆಸರನ್ನೇ ಇಟ್ಟುಕೊಂಡು, ಊರಿನ ಗಂಡಾಳುಗಳಲ್ಲಿ ಏಳಕ್ಕೊಬ್ಬನಂತೆ ಗಣಿಗೆ ಕಳಿಸುವ ಕಟ್ಟಳೆ ಮಾಡಿದ. ಕಣಜದ ಊಟ ಹೋಯಿತು, ಹಬ್ಬ ಹೋಯಿತು, ಸರದಿಯ ಹೆಸರು ಮಾತ್ರ ಉಳಿಯಿತು. ಇದು ರದ್ದಾಗಿದ್ದು 1812ರಲ್ಲಿ. ಈ ಅನ್ಯಾಯವನ್ನೆಲ್ಲ ಬರೆದು ಗ್ವಾಮಾನ್ ಪೋಮಾ ಅನ್ನೋ ಅಂಡೀಸಿನವನು 1615ರ ಹೊತ್ತಿಗೆ ಸ್ಪೇನಿನ ದೊರೆಗೆ ಒಂದು ಅರ್ಜಿ ತಯಾರು ಮಾಡಿದ. ಸುಮಾರು 1200 ಪುಟದ ಅರ್ಜಿ, ಅದರಲ್ಲಿ 398 ಚಿತ್ರ ಅವನೇ ಬರೆದದ್ದು. ಅದು 1908ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಗ್ರಂಥಾಲಯದಲ್ಲಿ ಬೆಳಕಿಗೆ ಬಂತು. ತಾಲ್ಲೂಕು ಕಚೇರಿಗೆ ನಿವೇಶನದ ಅರ್ಜಿ ಕೊಟ್ಟು ಕಾದವರಿಗೆ ಈ ಕತೆ ಅರ್ಥ ಆಗುತ್ತದೆ. ಅರ್ಜಿಯ ಮೇಲೆ ನಂಬಿಕೆ ಹೋದ ಮೇಲೆ 1780ರಲ್ಲಿ ಎರಡನೇ ತುಪಾಕ್ ಅಮಾರು, ಅವನ ಹೆಂಡತಿ ಮಿಕಾಯೆಲಾ ಬಸ್ತಿದಾಸ್ ದಂಗೆ ಎದ್ದರು. ಮಿತಾ ತೆಗೆಯಬೇಕು ಅನ್ನೋದು ಅವರ ಕೂಗುಗಳಲ್ಲಿ ಒಂದು. 1781ರ ಮೇ 18ರಂದು ಇಬ್ಬರನ್ನೂ ಕುಸ್ಕೋದ ಚೌಕದಲ್ಲಿ ಕೊಂದರು. ಇವತ್ತು ಯಾತ್ರಿಕರು ಕಾಫಿ ಕುಡಿಯುತ್ತ ಕೂರುವುದು ಅದೇ ಚೌಕದಲ್ಲಿ.

ನಮ್ಮ ಮಲೆನಾಡಿನಲ್ಲಿ ಬಿಟ್ಟಿಗೆ ಎರಡು ಹೆಸರಿದ್ದವು. ಅದೂ ರೈಸನ ಗೆಜೆಟಿಯರಿನಲ್ಲೇ ಇದೆ. ಒಬ್ಬ 'ಹುಟ್ಟಾಳು': ಒಡೆಯನ ಮನೆಯಲ್ಲೇ ಹುಟ್ಟಿದ, ತಲೆಮಾರಿನಿಂದ ಆಳಾದ ಹೊಲೆಯ. ಇನ್ನೊಬ್ಬ 'ಮಣ್ಣಾಳು': ಗದ್ದೆ ಮಾರಿದರೆ ಗದ್ದೆ ಜೊತೆಗೇ ಮಾರಾಟವಾಗುವವನು. 1843ರ ಕಾಯಿದೆ ಕಂಪನಿ ಸರ್ಕಾರದ ಸೀಮೆಯಲ್ಲಿ ಗುಲಾಮಗಿರಿಗೆ ಕೋರ್ಟಿನ ರಕ್ಷಣೆ ತೆಗೆಯಿತು. ಅಷ್ಟರಲ್ಲಿ ಬೆಟ್ಟದಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾಗಿತ್ತು. ಕಾಫಿ ಕೆಲಸದಿಂದ ಈ ಜನ ಸ್ವತಂತ್ರರಾಗುತ್ತಿದ್ದಾರೆ ಅಂತ ರೈಸ್ ಬರೆದ. ಅರ್ಧ ನಿಜ. ಒಡೆಯನ ಜಗುಲಿ ಬಿಟ್ಟು ಕೂಲಿ ದುಡ್ಡು ಕೈಯಲ್ಲಿ ಕಂಡದ್ದು ಹೌದು. ಮಿಕ್ಕರ್ಧ ಮೇಸ್ತ್ರಿಯ ಮುಂಗಡದಲ್ಲಿತ್ತು. 1859ರ 13ನೇ ಕಾಯಿದೆ ಪ್ರಕಾರ ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದವನು ಅಪರಾಧಿ, ಜೈಲಿಗೆ ಹೋಗಬೇಕು. 1894ರಲ್ಲಿ ರಾಬರ್ಟ್ ಎಲಿಯಟ್ ಅನ್ನೋ ಕಾಫಿ ದೊರೆ ಮೈಸೂರು ಸೀಮೆಯ ಬಗ್ಗೆ ಪುಸ್ತಕ ಬರೆದ. ಹೆಸರಿನಲ್ಲೇ ಚಿನ್ನ, ಶಿಕಾರಿ, ಕಾಫಿ ಮೂರೂ ಇವೆ. ಶಿಕಾರಿಗೆ ಕಾಡು ಸೋವುತ್ತಿದ್ದವರು, ಹಣ್ಣು ಕುಯ್ಯುತ್ತಿದ್ದವರು ಒಂದೇ ಕೇರಿಯವರು. ದೊರೆಯ ರಜೆಯೂ ನಮಗೆ ಕೆಲಸದ ದಿನವೇ.

ಸ್ವಾತಂತ್ರ್ಯ ಬಂದ ಮೇಲೆ 1951ರ ತೋಟ ಕಾರ್ಮಿಕರ ಕಾಯಿದೆ ಮನೆ, ನೀರು, ಆಸ್ಪತ್ರೆ, ಕೂಸಿನ ಕೋಣೆಯ ಜೊತೆಗೆ ಒಂದು ಹೊಸ ಮಾತು ಹೇಳಿತು. 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ. ಹುಟ್ಟಾಳು, ಮಣ್ಣಾಳುಗಳ ಮೊಮ್ಮಕ್ಕಳಿಗೆ 'ರಜೆ' ಹಕ್ಕಾಗಿ ಬಂದದ್ದು ಆಗ. 1981ರ ತಿದ್ದುಪಡಿಯ ನಂತರವೂ ಅದು 5 ಹೆಕ್ಟೇರಿಗಿಂತ ಸಣ್ಣ ತೋಟಕ್ಕೆ, 15ಕ್ಕಿಂತ ಕಡಿಮೆ ಆಳಿದ್ದ ತೋಟಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 2025ರ ನವೆಂಬರ್‌ನಲ್ಲಿ ಆ ಕಾಯಿದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು. ಎಪ್ಪತ್ತು ವರ್ಷ ಕಾಗದದಲ್ಲಿದ್ದ ಆ ರಜೆಯನ್ನು ಎಷ್ಟು ಜನ ಕೇಳಿ ಪಡೆದರು ಅಂತ ನಿಮ್ಮ ಲೈನಿನ ಹಿರಿಯರನ್ನು ವಿಚಾರಿಸಿ.

*

ಇನ್ನೊಂದು ಮಾತು ಹೇಳದೆ ಈ ಪಟ್ಟಿ ಮುಗಿಯುವುದಿಲ್ಲ. ಮಾಚು ಪಿಚುವಿನ ಬುಡದಲ್ಲಿ ಹರಿಯುವ ಉರುಬಾಂಬಾ ನದಿ ಕೆಳಗಿಳಿದು ಲಾ ಕನ್ವೆನ್ಸಿಯಾನ್ ಅನ್ನೋ ಬೆಚ್ಚನೆ ಕಣಿವೆ ಸೇರುತ್ತದೆ. ಯಾತ್ರಿಕರ ಪಟ್ಟಿಯಲ್ಲಿ ಅದು ಅಪರೂಪ. ಅದು ಕಾಫಿ ಕಣಿವೆ. ಅಲ್ಲಿ ದೊಡ್ಡ ಜಮೀನ್ದಾರರು ಗೇಣಿಗೆ ತುಂಡು ಭೂಮಿ ಕೊಟ್ಟು, ಬದಲಿಗೆ ತಮ್ಮ ತೋಟದಲ್ಲಿ ಇಂತಿಷ್ಟು ದಿನ ಬಿಟ್ಟಿ ಮಾಡಿಸುತ್ತಿದ್ದರು. ತಮ್ಮ ಕಾಫಿ ಹಣ್ಣಾಗುವ ಹೊತ್ತಿಗೇ ಒಡೆಯನ ಕಾಫಿಯೂ ಹಣ್ಣಾಗುತ್ತದೆ. ಮೊದಲು ಯಾರದನ್ನು ಕುಯ್ಯಬೇಕು? ಈ ಪ್ರಶ್ನೆಯಿಂದಲೇ ಸಂಘ ಹುಟ್ಟಿತು. 1950ರ ದಶಕದ ಕೊನೆಯಿಂದ ಗೇಣಿದಾರರು ಹ್ಯೂಗೊ ಬ್ಲಾಂಕೊ ಮೊದಲಾದವರ ಜೊತೆ ಸಂಘ ಕಟ್ಟಿ, ಬಿಟ್ಟಿಗೆ ಹೋಗೋದನ್ನು ನಿಲ್ಲಿಸಿದರು. 1962ರಲ್ಲಿ ಸರ್ಕಾರ ಆ ಕಣಿವೆಗೆಂದೇ ಭೂಸುಧಾರಣೆ ತರಬೇಕಾಯಿತು. 1963ರಲ್ಲಿ ಬ್ಲಾಂಕೊನನ್ನು ಹಿಡಿದು ಜೈಲಿಗೆ ಹಾಕಿದರು. ಆದರೆ 1969ರ ಜೂನ್ 24ರಂದು ವೆಲಾಸ್ಕೊ ಸರ್ಕಾರ ಇಡೀ ದೇಶಕ್ಕೆ ಭೂಸುಧಾರಣೆ ಸಾರಿತು. ಅದೇ ಜೂನ್ 24ರಂದು ಪ್ರತಿ ವರ್ಷ ಕುಸ್ಕೋದಲ್ಲಿ ಇಂಕಾಗಳ ಸೂರ್ಯನ ಹಬ್ಬವನ್ನು ಆಡಿ ತೋರಿಸುತ್ತಾರೆ, ನೋಡೋಕೆ ಸಾವಿರಾರು ಯಾತ್ರಿಕರು ಬರುತ್ತಾರೆ. ಆಮೇಲೆ ಎಲ್ಲ ಸುಖ ಆಯಿತು ಅಂತ ಅಲ್ಲ. 1980ರಿಂದ 2000ದವರೆಗಿನ ಹಿಂಸೆಯಲ್ಲಿ ಸುಮಾರು 69,000 ಜನ ಸತ್ತರು, ಇಲ್ಲವೇ ಕಾಣೆಯಾದರು ಅಂತ ಅಲ್ಲಿನ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೆಚುವಾ ಅಥವಾ ಬೇರೆ ಮೂಲಭಾಷೆಯ ಬಡವರು.

ನಮ್ಮಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗದ್ದೆಯ ಗೇಣಿದಾರನಿಗೆ ಗದ್ದೆ ಬಂತು. ಅದು ದೊಡ್ಡದು, ಕಡೆಗಣಿಸಬಾರದು. ಆದರೆ ಅದೇ ಕಾಯಿದೆಯ 104ನೇ ಕಲಮು ಕಾಫಿ, ಟೀ, ರಬ್ಬರು, ಏಲಕ್ಕಿ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಪೆರುವಿನಲ್ಲಿ ಭೂಸುಧಾರಣೆ ಕಾಫಿ ಕಣಿವೆಯಿಂದ ಶುರುವಾಯಿತು, ನಮ್ಮಲ್ಲಿ ಕಾಫಿ ಗಿಡದ ಬುಡಕ್ಕೆ ಬಂದು ನಿಂತಿತು. ಗೇಣಿದಾರನಾದರೂ ಭೂಮಿ ಕೇಳಬಹುದಿತ್ತು. ಲೈನಿನ ಕೂಲಿಗೆ ಅಷ್ಟು ಹೆಸರೂ ಇರಲಿಲ್ಲ. 2022ರಲ್ಲಿ ಬಂದ ಕಂದಾಯ ಕಾಯಿದೆಯ ತಿದ್ದುಪಡಿ, ತೋಟಗಾರರು ಒತ್ತುವರಿ ಮಾಡಿದ ಸರ್ಕಾರಿ ಭೂಮಿಯನ್ನು 25 ಎಕರೆವರೆಗೆ 30 ವರ್ಷ ಅವರಿಗೇ ಗುತ್ತಿಗೆ ಕೊಡಲು ದಾರಿ ಮಾಡಿತು. ಆ ಭೂಮಿಯ ಪಕ್ಕದಲ್ಲೇ, ಹೆಣ ಹೂಳಲೂ ಜಾಗ ಇಲ್ಲ ಅಂತ ಕೂಗುವ ಕೇರಿಗಳಿವೆ.

*

ಈಗ ಪಟ್ಟಿ ಬರೆಯೋಣ. ಗೆಳೆಯರೇ, ಮೇಷ್ಟ್ರೇ, ಮುಂದಿನ ಶೈಕ್ಷಣಿಕ ಪ್ರವಾಸ ಎರಡು ದಿನದ್ದು ಇರಲಿ. ಡಿಸೆಂಬರ್ ಆದರೆ ಹಣ್ಣು ಕುಯ್ಲಿನ ಕಾಲ, ತೋಟದಲ್ಲಿ ಕೆಲಸ ಕಣ್ಣಿಗೆ ಕಾಣುತ್ತದೆ. ಮೊದಲ ದಿನ ಬೆಳಿಗ್ಗೆ ಅಂಗಡಿ: ಮಲೆಪರು ಯಾರು ಅಂತ ಕೇಳಿ. ಮಧ್ಯಾಹ್ನ ಬೇಲೂರು: ದಾಸೋಜನ ಹೆಸರು ತೋರಿಸಿ, ಚಪ್ಪಲಿಯ ಕತೆ ಹೇಳಿ. ಎರಡನೇ ದಿನ ಬೆಳವಾಡಿ: ಬಕಾಸುರನ ಸರದಿಯ ಲೆಕ್ಕ ಹಾಕಿಸಿ. ವಾಪಸು ಬರುವಾಗ ಯಾವುದಾದರೂ ಒಂದು ಲೈನಿನ ಮುಂದೆ ಬಸ್ಸು ನಿಲ್ಲಿಸಿ. ಅಲ್ಲಿನ ಅಜ್ಜಿಯನ್ನು ಕೂರಿಸಿ ಮಕ್ಕಳು ಕೇಳಲಿ: ನೀವು ಎಲ್ಲಿಂದ ಬಂದಿರಿ, ಮುಂಗಡ ಎಷ್ಟಿತ್ತು, ಮೇಸ್ತ್ರಿ ಯಾರು, ರಜೆ ಯಾವತ್ತು ಸಿಕ್ಕಿತ್ತು? ಆ ಮಕ್ಕಳಲ್ಲಿ ಅರ್ಧ ಜನ ಅದೇ ಲೈನಿನವರಾಗಿರುತ್ತಾರೆ. ಅಜ್ಜಿ ಹೇಳಿದ್ದನ್ನು ಹೆಸರು, ಊರು, ಇಸವಿ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ರೈಸ್ 1901ರಲ್ಲಿ ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಸೇರದ ಶಾಸನಗಳು ಇವು.

ಪೆರುವಿಗೆ ಹೋಗೋ ಕಾಲವೂ ನಮಗೆ ಬರಲಿ. ಆ ಬೆಟ್ಟದವರು ನಮ್ಮ ಮನೆಗೆ ಆಗಲೇ ಬಂದಾಗಿದೆ. ಸಾರಿನ ಆಲೂಗಡ್ಡೆ ಅಂಡೀಸಿನದು. ಮಲೆನಾಡಿನ ಚಳಿಜ್ವರಕ್ಕೆ ನುಂಗಿದ ಕ್ವಿನೈನ್ ಅಲ್ಲಿನ ಸಿಂಕೋನಾ ಮರದ ತೊಗಟೆಯದು. ಹೋದಾಗ ಇಂಕಾ ದಾರಿಯ ಬಾಗಿಲಲ್ಲಿ ಒಂದು ತಕ್ಕಡಿ ಕಾಣುತ್ತದೆ. ಹೊರೆಯಾಳುಗಳ ಕಾಯಿದೆ ಅಂತ 2001ರಲ್ಲಿ ಪೆರು ಒಂದು ಕಾನೂನು ಮಾಡಿತು. ಒಬ್ಬನ ಹೆಗಲ ಮೇಲೆ 20 ಕಿಲೋಗಿಂತ ಹೆಚ್ಚು ಹೊರಿಸುವಂತಿಲ್ಲ. ಅಲ್ಲಿ ತೂಗೋದು ಅದನ್ನೇ. ಹೊತ್ತವರು ಸಂಘ ಕಟ್ಟಿಕೊಂಡು ಕೇಳಿದ್ದಕ್ಕೆ ಆ ತಕ್ಕಡಿ ಬಂತು. ಕುಸ್ಕೋದ ಕಲ್ಲಿನ ಗೋಡೆಗಿಂತ ಮೊದಲು ನನಗೆ ನೋಡಬೇಕಾಗಿರೋದು ಆ ತಕ್ಕಡಿ.